ಸೈರನ್ ಕೂಗಿದಾಗ ಈ ಮಕ್ಕಳ ಕೈ ಹಿಡಿಯುವವರು ಯಾರು?

ಮಾನ್ಯ ಸಂಪಾದಕರೇ,

ಉಕ್ರೇನ್ ಯುದ್ಧದ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಬಂದಾಗಲೆಲ್ಲ ಓದುತ್ತೇನೆ. ಎಷ್ಟು ಡ್ರೋನ್ ಬಂದವು, ಎಷ್ಟು ಕ್ಷಿಪಣಿ ಬಿದ್ದವು, ಯಾರು ಯಾರ ಜೊತೆ ಮಾತುಕತೆಗೆ ಕೂತರು, ಎಲ್ಲ ಇರುತ್ತದೆ. ನನ್ನ ಮಗನಂಥ ಮಕ್ಕಳು ಅಲ್ಲಿ ಹೇಗಿದ್ದಾರೆ ಅನ್ನೋದು ಮಾತ್ರ ಎಲ್ಲೂ ಕಾಣಲಿಲ್ಲ. ಅವನಿಗೆ ಹನ್ನೊಂದು ವರ್ಷ. ಡೌನ್ ಸಿಂಡ್ರೋಮ್ ಇದೆ, ಅಂದ್ರೆ ಹುಟ್ಟಿನಿಂದಲೇ ಮಾತು, ಕಲಿಕೆ ನಿಧಾನ.

ದಾವಣಗೆರೆಯಲ್ಲಿ ಕೂತವಳಿಗೆ ಉಕ್ರೇನ್ ಚಿಂತೆ ಯಾಕಮ್ಮಾ ಅಂತ ನೀವು ಕೇಳಬಹುದು. ನಮ್ಮಕ್ಕನ ಮಗ ಅಲ್ಲಿನ ವಿನಿತ್ಸಿಯಾ ಅನ್ನೋ ಊರಲ್ಲಿ ಡಾಕ್ಟರ್ ಓದುತ್ತಿದ್ದ. 2022ರಲ್ಲಿ ಯುದ್ಧ ಶುರುವಾದಾಗ ಬಸ್ಸು ಹಿಡಿದು, ಕೊರೆಯುವ ಚಳಿಯಲ್ಲಿ ಒಂದಷ್ಟು ದೂರ ನಡೆದು, ರೊಮೇನಿಯಾ ಗಡಿ ದಾಟಿ ಮನೆ ಸೇರಿದ. ಅದೇ ವರ್ಷ ಜುಲೈ 14ಕ್ಕೆ ಫೋನ್ ಮಾಡಿ 'ಚಿಕ್ಕಮ್ಮ, ನಾವು ಓಡಾಡ್ತಿದ್ದ ಜಾಗದಲ್ಲೇ ಬಿದ್ದಿದೆ' ಅಂದ. ವಿನಿತ್ಸಿಯಾ ನಡುಮಧ್ಯ ರಷ್ಯಾದ ಕ್ಷಿಪಣಿ ಬಿದ್ದು ಇಪ್ಪತ್ತಕ್ಕೂ ಹೆಚ್ಚು ಜನ ಸತ್ತಿದ್ದರು. ಅವರಲ್ಲಿ ಡೌನ್ ಸಿಂಡ್ರೋಮ್ ಇದ್ದ ನಾಲ್ಕು ವರ್ಷದ ಹುಡುಗಿಯೂ ಒಬ್ಬಳು. ಕೀವ್‌ಗಿಂತ ಈ ಊರು ವಾಸಿ ಅಂತ ಅವರ ಮನೆಯವರು ಇಲ್ಲಿಗೆ ಬಂದಿದ್ದರಂತೆ. ಅವತ್ತು ಆ ಮಗು ತಾನು ಕೂರುವ ಪುಟ್ಟ ಗಾಡಿಯನ್ನ ತಾನೇ ತಳ್ಳಿಕೊಂಡು ಅಮ್ಮನ ಜೊತೆ ಸ್ಪೀಚ್ ಥೆರಪಿಗೆ ಹೊರಟಿತ್ತು. ಅಮ್ಮ ತೀವ್ರವಾಗಿ ಗಾಯಗೊಂಡು ಬದುಕಿದರು. ಅಲ್ಲಿನ ಅಧ್ಯಕ್ಷರ ಪತ್ನಿ ಒಲೆನಾ ಝೆಲೆನ್ಸ್ಕಾ ಆ ಮಗುವಿನ ಗುರುತು ಹಿಡಿದರು. ಹಿಂದೊಮ್ಮೆ ಹಬ್ಬದ ವಿಡಿಯೊ ತೆಗೆಯುವಾಗ ಈ ಪೋರಿ ಅರ್ಧ ಗಂಟೆಯಲ್ಲಿ ತನಗೆ, ಉಳಿದ ಮಕ್ಕಳಿಗೆ, ಕ್ಯಾಮೆರಾದವರಿಗೆ, ಕೊನೆಗೆ ಒಲೆನಾ ಅವರಿಗೂ ಬಣ್ಣ ಬಳಿದಿದ್ದಳಂತೆ!

ಮಗುಚಿ ಬಿದ್ದ ಆ ಗಾಡಿಯ ಫೋಟೊ ಪ್ರಪಂಚವೆಲ್ಲ ಸುತ್ತಿತು. ನನ್ನ ತಲೆಯಲ್ಲಿ ಕೂತಿದ್ದು ಮಾತ್ರ ಸ್ಪೀಚ್ ಥೆರಪಿ. ಯುದ್ಧ ಶುರುವಾಗಿ ನಾಲ್ಕೂವರೆ ತಿಂಗಳಾಗಿತ್ತು, ಊರು ಬಿಟ್ಟು ಊರಿಗೆ ಬಂದಿದ್ದರು, ಆದರೂ ಆ ತಾಯಿ ಮಗುವನ್ನ ಮಾತು ಕಲಿಸೋಕೆ ಕರೆದುಕೊಂಡು ಹೋಗುತ್ತಿದ್ದರು. ಅದು ಯಾಕೆ ಅಂತ ನಮ್ಮಂಥವರಿಗೆ ಗೊತ್ತು. ನಮ್ಮ ಮನೆಗೆ ನೆಂಟರು ಬಂದು ಎರಡು ವಾರ ಅಭ್ಯಾಸ ತಪ್ಪಿದರೆ ಸಾಕು, 'ನೀರು ಕೊಡು' ಅನ್ನುತ್ತಿದ್ದ ನನ್ನ ಮಗ ಮತ್ತೆ ಬರೀ 'ನೀ' ಅನ್ನೋದಕ್ಕೆ ಇಳಿಯುತ್ತಾನೆ. ಮೇಲೆತ್ತೋಕೆ ಮತ್ತೆ ಎರಡು ತಿಂಗಳು ಬೇಕು. ಇನ್ನು ವರ್ಷಗಟ್ಟಲೆ ತಪ್ಪಿದರೆ?

ಸದ್ದಿನ ವಿಷಯವಂತೂ ಕೇಳಲೇಬೇಡಿ. ದೀಪಾವಳಿಯ ಮೂರು ದಿನ ಇವನು ಮಂಚದ ಕೆಳಗೆ, ಎರಡೂ ಕಿವಿ ಮುಚ್ಚಿಕೊಂಡು, ಊಟದ ತಟ್ಟೆಯನ್ನ ನಾವೇ ಒಳಗೆ ಸರಿಸಬೇಕು. ಬೈದರೆ ಬರಲ್ಲ, ಎಳೆದರೆ ಇನ್ನೂ ಒಳಗೆ ಹೋಗುತ್ತಾನೆ. ಕೊನೆಗೆ ಒಂದು ಉಪಾಯ ಕಂಡುಕೊಂಡೆವು. ಹಬ್ಬಕ್ಕೆ ಒಂದು ತಿಂಗಳು ಮೊದಲೇ ಮೊಬೈಲಲ್ಲಿ ಪಟಾಕಿ ಸದ್ದನ್ನ ಸಣ್ಣದಾಗಿ ಕೇಳಿಸೋದು, ಕೇಳಿಸಿದ ತಕ್ಷಣ ಅವನ ನೀಲಿ ಟವೆಲ್ ಕೈಗೆ ಕೊಟ್ಟು ಒಳಕೋಣೆಗೆ ಕರೆದುಕೊಂಡು ಹೋಗೋದು. ಈಗ ಸದ್ದಾದರೆ ಟವೆಲ್ ಹಿಡಿದು ತಾನೇ ನಡೆಯುತ್ತಾನೆ. ಉಕ್ರೇನಿನಲ್ಲಿ ಸೈರನ್ ನಡುರಾತ್ರಿ ಕೂಗುತ್ತದೆ, ಕತ್ತಲಲ್ಲಿ ನೆಲಮಾಳಿಗೆಗೆ ಇಳಿಯಬೇಕು, ಅಲ್ಲಿ ಗುರುತಿಲ್ಲದ ಜನ. ಮಗು ಕಿರುಚಿದರೆ ಪಕ್ಕದವರು ಮುಖ ಸಿಂಡರಿಸಿದರೂ ಸಾಕು, ಮುಂದಿನ ಸಲ ಆ ತಾಯಿ ಕೆಳಗೆ ಇಳಿಯದೆ ಮನೆಯಲ್ಲೇ ಉಳಿದುಬಿಡಬಹುದು. ಇಂಥ ಮಕ್ಕಳನ್ನ ನಮ್ಮೊಳಗೆ ಸೇರಿಸಿಕೊಳ್ಳೋದು ಅಂದ್ರೆ ನನ್ನ ಪ್ರಕಾರ ಮೊದಲು ಇದು. ಈ ಮಗು ನಮ್ಮ ಬೀದಿಯದು, ಹೀಗೆ ಕೂಗುತ್ತೆ, ಹೀಗೆ ಮಾಡಿದರೆ ಸುಮ್ಮನಾಗುತ್ತೆ ಅಂತ ಅಲ್ಲಿ ಕೂತವರಿಗೆ ಮೊದಲೇ ಗೊತ್ತಿರಬೇಕು.

ಕೆಲವು ಒಳ್ಳೆಯ ಕೆಲಸಗಳೂ ಆಗಿವೆ, ಇಲ್ಲ ಅನ್ನಲ್ಲ. 18ರಿಂದ 60 ವರ್ಷದ ಗಂಡಸರು ದೇಶ ಬಿಡಬಾರದು ಅಂತ ಉಕ್ರೇನ್ ಹೇಳಿತಲ್ಲ, ಅಂಗವೈಕಲ್ಯ ಇರುವ ಮಕ್ಕಳ ಅಪ್ಪಂದಿರಿಗೆ ಅದರಲ್ಲಿ ವಿನಾಯಿತಿ ಕೊಟ್ಟರು. ಖಾರ್ಕಿವ್‌ನಲ್ಲಿ 2023ರ ಸೆಪ್ಟೆಂಬರ್‌ನಿಂದ ಮೆಟ್ರೊ ಸ್ಟೇಷನ್‌ಗಳ ಒಳಗೇ ಶಾಲೆ ನಡೆಸಿದರು. ಆದರೆ ಬಂಕರ್‌ನಲ್ಲಿ ಎಷ್ಟು ಜಾಗ ಇದೆಯೋ ಅಷ್ಟೇ ಮಕ್ಕಳು ಶಾಲೆಗೆ ಬರಬಹುದು, ಉಳಿದವರಿಗೆ ಆನ್‌ಲೈನ್. ಕೊರೊನಾ ಕಾಲದಲ್ಲಿ ಆನ್‌ಲೈನ್ ಕ್ಲಾಸ್ ನನ್ನ ಮಗನಿಗೆ ಏನು ಕಲಿಸಿತು ಗೊತ್ತಾ? ಮ್ಯೂಟ್ ಬಟನ್ ಒತ್ತೋದು. ಇಂಥ ಮಕ್ಕಳಿಗೆ ಪಕ್ಕದಲ್ಲಿ ಕೂತು ಹೇಳಿಕೊಡುವವರು ಬೇಕು. ಅದಕ್ಕೇ ಜಾಗ ಕಡಿಮೆ ಇದ್ದರೆ ಮೊದಲ ಬೆಂಚು ಇವರಿಗೆ ಕೊಡಬೇಕು ಅಂತ ನಾನು ಹೇಳುತ್ತೇನೆ. ಜೊತೆಗೆ ಔಷಧಿ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ, ಥೈರಾಯ್ಡ್ ತೊಂದರೆಯೂ ಜಾಸ್ತಿ. ಯುದ್ಧದ ಮೊದಲ ವಾರಗಳಲ್ಲಿ ಥೈರಾಯ್ಡ್ ಮಾತ್ರೆ ಸಿಗದೆ ಉಕ್ರೇನಿನ ಜನ ಪರದಾಡಿದರು.

ಯುದ್ಧದ ನಡುವೆ ಅಂಗವಿಕಲರನ್ನ ಕಾಪಾಡಬೇಕು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2019ರಲ್ಲೇ 2475ನೇ ನಿರ್ಣಯ ಮಾಡಿದೆ. ಕೈ ಎತ್ತಿದವರಲ್ಲಿ ರಷ್ಯಾನೂ ಇತ್ತು. ಇರಲಿ ಬಿಡಿ.

ನಿಮಗೆ ಎರಡೇ ಕೋರಿಕೆ. ಒಂದು, 'ಬುದ್ಧಿಮಾಂದ್ಯ' ಅಂತ ದಯವಿಟ್ಟು ಬರೆಯಬೇಡಿ, 'ದೇವರ ಮಕ್ಕಳು' ಅಂತಲೂ ಬೇಡ. ಉಕ್ರೇನಿನಲ್ಲಿ ಇವರನ್ನ 'ಬಿಸಿಲ ಮಕ್ಕಳು' ಅನ್ನುತ್ತಾರಂತೆ. ಚೆನ್ನಾಗಿದೆ, ಆದರೆ ಬೆಳಿಗ್ಗೆ ಮಾತ್ರೆ ನುಂಗಿಸುವಾಗ ನನ್ನ ಮಗನ ಮುಖ ನೋಡಬೇಕು ನೀವು, ಬಿಸಿಲೂ ಇಲ್ಲ ಏನೂ ಇಲ್ಲ, ಬರೀ ಗುಡುಗು. ಸುಮ್ನೆ ಮಕ್ಕಳು ಅಂದರೆ ಸಾಕು. ಇನ್ನೊಂದು, ಉಕ್ರೇನಿನಲ್ಲಿ ಓದಿ ಬಂದ ಹುಡುಗ ಹುಡುಗಿಯರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ನಮ್ಮಕ್ಕನ ಮಗ ಅಲ್ಲಿನ ಗೆಳೆಯರ ಜೊತೆ ಇವತ್ತಿಗೂ ಮಾತಾಡುತ್ತಾನೆ. ಇಂಥವರ ಮೂಲಕ ನಿಮ್ಮ ವರದಿಗಾರರು ಅಲ್ಲಿನ ಒಬ್ಬ ತಾಯಿಯನ್ನ ಮಾತಾಡಿಸಲಿ. ಮಗು ಬಂಕರ್‌ಗೆ ಹೇಗೆ ಇಳಿಯುತ್ತೆ, ಮಾತ್ರೆ ಸಿಗುತ್ತಾ, ಟೀಚರ್ ಇದ್ದಾರಾ, ರಾತ್ರಿ ನಿದ್ದೆ ಮಾಡುತ್ತಾ ಅಂತ ಕೇಳಲಿ. ಪ್ರಶ್ನೆಗಳು ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ.

ಇಂತಿ,
ಒಬ್ಬ ತಾಯಿ, ದಾವಣಗೆರೆ