ವಿಷಯ: ನೀವು ಹಾಕಿಕೊಟ್ಟ ಪ್ರೊಪೆಲರ್ ಶಾಫ್ಟ್ ಸೀಲ್ ಇನ್ನೂ ಸೋರುತ್ತಿದೆ

ಸರ್ವೀಸ್ ಮ್ಯಾನೇಜರ್ ಅವರಿಗೆ,

ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಸಮಾಧಾನವಾಗಿ ಬರೆಯಬೇಕು ಅಂತಲೇ ಕೂತಿದ್ದೇನೆ. ಎಲ್ಲಿವರೆಗೆ ಆಗುತ್ತೋ ನೋಡೋಣ.

ಶಾಫ್ಟ್ ಬೋಟಿನಿಂದ ಹೊರಹೋಗುವ ಜಾಗದಲ್ಲಿ ನೀರು ತಡೆಯುವ ಹಳೇ ಸ್ಟಫಿಂಗ್ ಬಾಕ್ಸ್ ತೆಗೆಸಿ, ಹನಿಯೂ ಸೋರದ ಡ್ರಿಪ್‌ಲೆಸ್ ಸೀಲ್ ಹಾಕಿಸಿ, ಬಿಲ್ಜ್, ಅಂದರೆ ಬೋಟಿನ ತಳ, ಒಣಗಿರುತ್ತೆ, ಆಗಾಗ ನಟ್ ಬಿಗಿ ಮಾಡುವ ರಗಳೆಯೇ ಇರೋದಿಲ್ಲ ಎಂದವರು ನೀವು. ಸರಿ ಎಂದೆ, ಬೋಟನ್ನು ನೀರಿನಿಂದ ಮೇಲೆತ್ತಿಸಿದೆ, ನೀವು ಕೇಳಿದಷ್ಟು ದುಡ್ಡೂ ಕೊಟ್ಟೆ. ನೀರಿಗಿಳಿಸಿದ ಮೇಲೆ ಬೋಟು ಸುಮ್ನೆ ನಿಂತಿದ್ದಾಗ ಒಂದು ಹನಿಯೂ ಇರಲಿಲ್ಲ. ಗೇರ್ ಹಾಕಿದ ತಕ್ಷಣ ಸೀಲಿನ ಸುತ್ತ ನೀರು ಸಿಡಿಯಿತು. ಆಲ್ಟರ್ನೇಟರ್, ಸ್ಟಾರ್ಟರ್, ಎಲ್ಲದರ ಮೇಲೂ ಉಪ್ಪುನೀರು.

ಇದು ಯಾಕೆ ಅಂತ ನಿಮಗೆ ನಾನು ಹೇಳಬೇಕಾ? ತಿರುಗದೆ ನಿಂತಿರುವ ಕಾರ್ಬನ್ ರಿಂಗಿಗೆ, ಶಾಫ್ಟಿನ ಜೊತೆ ತಿರುಗುವ ಸ್ಟೀಲ್ ರಿಂಗ್ ಒತ್ತಿಕೊಂಡಿರುವ ಸೀಲ್ ಅದು. ಶಾಫ್ಟ್ ಓಲಾಡಿದರೆ ಮುಖ ಬಿಟ್ಟುಕೊಳ್ಳುತ್ತೆ, ನೀರು ಸಿಡಿಯುತ್ತೆ. ಸೀಲ್ ತೂರಿಸೋಕೆ ನೀವು ಎಂಜಿನ್ನಿಗೆ ಶಾಫ್ಟನ್ನು ಜೋಡಿಸುವ ಕಪ್ಲಿಂಗ್ ಬಿಚ್ಚಿದ್ದೀರಿ, ಹಾಗಾಗಿ ಎಂಜಿನ್ ಅಲೈನ್‌ಮೆಂಟ್, ಅಂದರೆ ಎಂಜಿನ್ನೂ ಶಾಫ್ಟೂ ಒಂದೇ ನೇರದಲ್ಲಿವೆಯಾ ಅಂತ, ಮತ್ತೆ ನೋಡಲೇಬೇಕು. ಅದೂ ಬೋಟು ನೀರಿನಲ್ಲಿ ಕೂತು ಒಂದೆರಡು ದಿನ ಕಳೆದ ಮೇಲೆ, ಯಾಕೆಂದರೆ ದಡದಲ್ಲಿ ಸ್ಟ್ಯಾಂಡ್ ಮೇಲಿದ್ದಾಗ ಒಡಲಿನ ಆಕಾರವೇ ಬೇರೆ ಇರುತ್ತೆ. ಸುಮಾರು 100 ಮಿಲಿಮೀಟರ್ ಅಗಲದ ಕಪ್ಲಿಂಗಿನಲ್ಲಿ ಎರಡು ಮುಖಗಳ ನಡುವಿನ ಸಂದಿ ಒಂದು ಕಡೆಯಿಂದ ಇನ್ನೊಂದು ಕಡೆಗೆ 0.1 ಮಿಲಿಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರಬಾರದು. ನಿಮ್ಮ ಜಾಬ್ ಶೀಟಿನಲ್ಲಿ 'ಅಲೈನ್‌ಮೆಂಟ್ ಓಕೆ' ಅಂತ ಬರೆದಿದೆ. ಆ ತಾರೀಖಿಗೆ ಬೋಟು ಇನ್ನೂ ದಡದಲ್ಲೇ ಇತ್ತು! ಆ ಸಂದಿ ಅಳೆಯೋ ಫೀಲರ್ ಗೇಜ್ ಹಿಡಿದವರು ಯಾರು, ದಯವಿಟ್ಟು ತಿಳಿಸಿ, ನಾನೂ ಅವರನ್ನು ಒಮ್ಮೆ ನೋಡಬೇಕು.

ಆಮೇಲೆ ನಿಮ್ಮ ಮೆಕ್ಯಾನಿಕ್ ಬಂದರು. ಸ್ಟೀಲ್ ರಿಂಗ್ ಸಡಿಲ ಮಾಡಿ, ಕಾರ್ಬನ್ ರಿಂಗನ್ನು ಒತ್ತಿ ಹಿಡಿಯುವ ರಬ್ಬರ್ ಬೆಲೋಸ್ ಇನ್ನಷ್ಟು ಒತ್ತಿ, ಸ್ಟೀಲ್ ರಿಂಗನ್ನು ಶಾಫ್ಟಿಗೆ ಬಿಗಿಯುವ ಅವೇ ಹಳೇ ಗ್ರಬ್ ಸ್ಕ್ರೂಗಳನ್ನು ಮತ್ತೆ ತಿರುಗಿಸಿ ಹೊರಟುಹೋದರು. ಒಮ್ಮೆ ಬಿಚ್ಚಿದ ಸ್ಕ್ರೂ ಮತ್ತೆ ಬಳಸಬೇಡಿ ಅಂತ ಸೀಲಿನ ಜೊತೆ ಬಂದ ಪುಸ್ತಕದಲ್ಲೇ ಇದೆ. ಮೊಂಡಾದ ತುದಿ ಶಾಫ್ಟನ್ನು ಕಚ್ಚೋದಿಲ್ಲ, ರಿಂಗ್ ಮೆಲ್ಲಗೆ ಜಾರುತ್ತೆ. ಜಾರಿತು. ಮೊದಲು ಗೇರ್ ಹಾಕಿದಾಗ ಮಾತ್ರ ಸೋರುತ್ತಿದ್ದದ್ದು ಈಗ ನಿಂತಲ್ಲೂ ಸೋರುತ್ತಿದೆ. ಇದಕ್ಕೆ ನೀವು ರಿಪೇರಿ ಅಂತ ಬಿಲ್ ಬೇರೆ ಹಾಕಿದ್ದೀರಿ.

ಇನ್ನು ನಿಮ್ಮ ಕೌಂಟರಿನ ವಿಚಾರ. ಅಲ್ಲಿ ಕೂತಿದ್ದವರಿಗೆ ಫೋನಿನಲ್ಲಿದ್ದ ವಿಡಿಯೋ ತೋರಿಸಿದೆ. ಅವರು ತಲೆ ಎತ್ತದೆ, "ಇದು ಮಳೆ ನೀರು ಇರಬಹುದು ಸಾರ್" ಎಂದರು. ಮಳೆ ಬಂದಿಲ್ಲ ಎಂದೆ. "ಕುಡಿಯೋ ನೀರಿನ ಟ್ಯಾಂಕ್ ಸೋರುತ್ತಿರಬಹುದು. ರುಚಿ ನೋಡಿದ್ರಾ?" ನೋಡಿದ್ದೇನೆ, ಉಪ್ಪು ಎಂದೆ. ಅದಕ್ಕೆ ಅವರು, "ಬೆವರೂ ಉಪ್ಪೇ ಅಲ್ವಾ ಸಾರ್, ಎಂಜಿನ್ ರೂಮಿನಲ್ಲಿ ಬಗ್ಗಿ ನೋಡಿರ್ತೀರಿ" ಎಂದರು. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಬಿಲ್ಜ್ ಪಂಪು ಓಡುವಷ್ಟು ಬೆವರು ನನ್ನೊಬ್ಬನಿಂದಲೇ ಬಂತು ಅಂತಲೇ ಇಟ್ಟುಕೊಳ್ಳೋಣ. ಆಮೇಲೆ ವಿಡಿಯೋ ಅರ್ಧಕ್ಕೆ ನಿಲ್ಲಿಸಿ, ಒಳಗಿನಿಂದ ಇನ್ನೊಬ್ಬರನ್ನು ಕರೆದರು. ಅವರು ಕೈ ಒರೆಸಿಕೊಳ್ಳುತ್ತಾ ಬಂದು ನೋಡಿ, "ಚೆನ್ನಾಗೇ ಇದೆಯಲ್ಲ, ನಿಮಿಷಕ್ಕೆ ಎರಡು ಮೂರು ಹನಿ ಬೀಳಲೇಬೇಕು" ಎಂದರು. ಅದು ಹಗ್ಗದ ಪ್ಯಾಕಿಂಗ್ ಇರುವ ಸ್ಟಫಿಂಗ್ ಬಾಕ್ಸಿನ ಮಾತು, ಅಲ್ಲೂ ಶಾಫ್ಟ್ ತಿರುಗುವಾಗ ಮಾತ್ರ, ಇದು ಡ್ರಿಪ್‌ಲೆಸ್, ನೀವೇ ಹಾಕಿದ್ದು ಎಂದೆ. ಕೌಂಟರಿನವರು ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, "ಸಿಸ್ಟಮ್‌ನಲ್ಲಿ ಸ್ಟಫಿಂಗ್ ಬಾಕ್ಸ್ ಅಂತಲೇ ಇದೆ ನೋಡಿ" ಎಂದರು. ಸಿಸ್ಟಮ್‌ನಲ್ಲಿ ಇದೆ ಅಂದಮೇಲೆ ನನ್ನ ಬೋಟಿನಲ್ಲಿರುವುದೇ ತಪ್ಪು, ಅಲ್ವಾ? ಕೊನೆಗೆ ಒಂದು ಫಾರ್ಮ್ ಮುಂದಿಟ್ಟರು: 'ಗ್ರಾಹಕರಿಗೆ ತಿಳಿಹೇಳಲಾಗಿದೆ, ದೂರು ಮುಕ್ತಾಯ.' ಸಹಿ ಹಾಕಿ ಅಂತ ಪೆನ್ನನ್ನೂ ಕೊಟ್ಟರು. ಹಾಕಲಿಲ್ಲ.

ಕೆಲಸಕ್ಕೆ ಗ್ಯಾರಂಟಿ ಅಂತ ಬಿಲ್ಲಿನ ಹಿಂದೆ ನೀವೇ ಅಚ್ಚು ಹಾಕಿಸಿದ್ದೀರಿ. ಅದನ್ನು ನಾನು ಇಲ್ಲಿ ಓದಿ ಹೇಳಬೇಕಾಗಿಲ್ಲ.

ಬೋಟನ್ನು ಬಿಟ್ಟು ಎಲ್ಲೂ ಹೋಗೋಕೆ ಆಗುತ್ತಿಲ್ಲ. ಬ್ಯಾಟರಿ ಇಳಿದರೆ ಪಂಪು ನಿಲ್ಲುತ್ತೆ, ಪಂಪು ನಿಂತರೆ ಕಟ್ಟಿದ ಜಾಗದಲ್ಲೇ ಬೋಟು ಮುಳುಗುತ್ತೆ. ಹಾಗಾಗಿ ನಿಮ್ಮ ಅಪಾಯಿಂಟ್‌ಮೆಂಟಿಗೆ ಕಾಯುವುದಿಲ್ಲ. ಬೋಟು ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್ ಬರುತ್ತಿದ್ದಾರೆ. ಒಂದೊಂದು ಸ್ಕ್ರೂ, ಶಾಫ್ಟಿನ ಮೇಲಿನ ಗೀರು, ಕಪ್ಲಿಂಗಿನ ಸಂದಿ ಎಲ್ಲದರ ಫೋಟೋ ಮತ್ತು ಅಳತೆ ತೆಗೆದುಕೊಂಡ ಮೇಲೆಯೇ ಬೇರೆ ಮೆಕ್ಯಾನಿಕ್ ಅದನ್ನು ಮುಟ್ಟುತ್ತಾರೆ. ಬಿಲ್ ನಿಮಗೆ ಬರುತ್ತೆ, ಆಲ್ಟರ್ನೇಟರ್ ಹೋದರೆ ಅದರದ್ದೂ ಸೇರಿಸಿ. ವರದಿ ಸೀಲ್ ತಯಾರಿಸಿದ ಕಂಪನಿಗೂ ನನ್ನ ವಿಮೆಯವರಿಗೂ ಹೋಗುತ್ತೆ. ದುಡ್ಡು ಕೊಡೋದಿಲ್ಲ ಅಂದರೆ ಗ್ರಾಹಕರ ಕೋರ್ಟಿನಲ್ಲಿ ಸಿಗೋಣ. ಬೆವರಿನ ವಾದವನ್ನು ಅಲ್ಲಿ ದಯವಿಟ್ಟು ನೀವೇ ಮಂಡಿಸಿ. ನಾನು ಬಾಟಲಿಯಲ್ಲಿ ನೀರು ತರುತ್ತೇನೆ.

ಇಂತಿ,
ಬೋಟಿನ ಮಾಲೀಕ