ಬೆರಳಿಗೆ 22 ಕ್ಯಾರೆಟ್ ಯಾಕೆ?

ಮಾನ್ಯರೇ,

ಪತ್ರಿಕೆಗಳಲ್ಲಿ ಚಿನ್ನದ ಬಗ್ಗೆ ಬರುವುದು ಬಹುತೇಕ ದರದ ಸುದ್ದಿ. ಇವತ್ತು ಏರಿತು, ನಿನ್ನೆ ಇಳಿದಿತ್ತು, ಅಷ್ಟೇ. ಕೊಂಡ ಮೇಲೆ ಅದು ಮೈಮೇಲೆ ಎಷ್ಟು ದಿನ ಬಾಳುತ್ತದೆ ಅನ್ನೋದು ಎಲ್ಲೂ ಬರುವುದಿಲ್ಲ. ನಾನು ಅಕ್ಕಸಾಲಿಗ. ಹೊಸ ಒಡವೆ ಮಾಡುವುದಕ್ಕಿಂತ ಹಳೆಯದರ ರಿಪೇರಿಯೇ ನನಗೆ ಜಾಸ್ತಿ. ಅದರಲ್ಲೂ ಉಂಗುರ. ದಿನವೂ ಹಾಕಿಕೊಳ್ಳುವ ಉಂಗುರಕ್ಕೆ 22 ಕ್ಯಾರೆಟ್ ಚಿನ್ನ ಬೇಡ ಎಂದು ಹೇಳಲಿಕ್ಕೇ ಈ ಪತ್ರ.

ಸರ ಕತ್ತಿನಲ್ಲಿ ಸುಮ್ನೆ ತೂಗಾಡಿಕೊಂಡಿರುತ್ತದೆ. ಓಲೆ ಕಿವಿಯಲ್ಲಿ ತನ್ನ ಪಾಡಿಗಿರುತ್ತದೆ. ಉಂಗುರದ ಪಾಡೇ ಬೇರೆ. ಬಾಗಿಲ ಹಿಡಿ, ಬಸ್ಸಿನ ಕಂಬಿ, ಗಾಡಿಯ ಹ್ಯಾಂಡಲ್, ಬಕೆಟ್ಟು, ಪಾತ್ರೆ ಎಲ್ಲಕ್ಕೂ ಮೊದಲು ತಗಲುವುದು ಅದೇ. ರಿಪೇರಿಗೆ ಬಂದ ಉಂಗುರವನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಬೇಕು. ಹರಳು ಕೂತ ಕಡೆ ದಪ್ಪಗೇ ಇರುತ್ತದೆ. ತಿರುಗಿಸಿ ಅಂಗೈ ಕಡೆ ನೋಡಿದರೆ ಪಟ್ಟಿ ಕಾಗದದ ಹಾಗೆ ತೆಳುವಾಗಿರುತ್ತದೆ. ಎರಡು ಬೆರಳಲ್ಲಿ ಒತ್ತಿದರೆ ಸಾಕು, ಬಾಗುತ್ತದೆ. ಹೊರಗಿನ ಚಿತ್ತಾರ ಅಳಿಸಿಹೋಗಿರುತ್ತದೆ, ಒಳಗೆ ಕೆತ್ತಿಸಿದ ಹೆಸರು ಮಾತ್ರ ಇನ್ನೂ ಓದಬಹುದು. ವಜ್ರದುಂಗುರದ ಪಕ್ಕದಲ್ಲೇ ಸಾದಾ ಉಂಗುರ ಹಾಕಿಕೊಂಡವರದಂತೂ ಕೇಳಬೇಡಿ. ವಜ್ರ ಪಕ್ಕದ ಚಿನ್ನವನ್ನು ಗರಗಸ ಹಾಕಿದಂತೆ ಕೊರೆದು ಸಣ್ಣ ಕಾಲುವೆಯನ್ನೇ ಮಾಡಿರುತ್ತದೆ.

ತೂಕಕ್ಕೆ ಹಾಕಿದಾಗ ಕೊಂಡಾಗಿನಷ್ಟು ಬರುವುದಿಲ್ಲ. ಆಗ ಎಲ್ಲರೂ ನನ್ನ ಮುಖ ನೋಡುತ್ತಾರೆ. ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ ಅಂತ ಗಾದೆ ಬೇರೆ ಇದೆಯಲ್ಲ! ತಿಂದದ್ದು ನಾನಲ್ಲ ಸ್ವಾಮಿ, ಬಸ್ಸಿನ ಕಂಬಿ.

ಇದು ಕೆಲಸಗಾರನ ತಪ್ಪೂ ಅಲ್ಲ, ಹಾಕಿಕೊಂಡವರ ತಪ್ಪೂ ಅಲ್ಲ. ಚಿನ್ನ ಅಷ್ಟು ಮೆತ್ತಗೆ. ಒಂದೇ ಒಂದು ಗ್ರಾಂ ಚಿನ್ನವನ್ನು ಬಡಿದು ಬಡಿದು ಸುಮಾರು ಒಂದು ಚದರ ಮೀಟರ್ ಹಾಳೆ ಮಾಡಬಹುದು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅಪ್ಪಟ ಚಿನ್ನ ಸುಮಾರು 2.5ರಲ್ಲಿದೆ. ನಮ್ಮ ಉಗುರೂ ಹೆಚ್ಚುಕಡಿಮೆ ಅಷ್ಟೇ. ದೂಳಿನಲ್ಲಿರುವ ಮರಳಿನ ಕಣ 7. ಇನ್ನು ಸವೆಯದೆ ಏನಾಗುತ್ತದೆ? 22 ಕ್ಯಾರೆಟ್ ಎಂದರೆ ನೂರಕ್ಕೆ 91.6 ಭಾಗ ಚಿನ್ನವೇ. ಉಳಿದ ಚೂರುಪಾರು ತಾಮ್ರ, ಬೆಳ್ಳಿಯಿಂದ ಬರುವ ಬಲ ತುಂಬಾ ಕಡಿಮೆ.

ನನಗೆ ನಿಜವಾಗಿ ಭಯ ಹುಟ್ಟಿಸುವುದು ಹರಳು ಹಿಡಿದಿರುವ ಪುಟ್ಟ ಕೊಕ್ಕೆಗಳು. ಅವು ಸವೆದು ಚಪ್ಪಟೆಯಾದದ್ದು ಬರಿಗಣ್ಣಿಗೆ ಕಾಣುವುದೇ ಇಲ್ಲ. ಒಂದು ದಿನ ಕೈ ತೊಳೆಯುವಾಗ ಹರಳು ನೀರಿನ ಜೊತೆ ಹೋಗಿರುತ್ತದೆ. ‘ಉಂಗುರಕ್ಕೆ ಬಟ್ಟೆಯ ನೂಲು ಸಿಕ್ಕಿಕೊಳ್ಳುತ್ತಿದೆ’ ಎಂದು ಯಾರಾದರೂ ಹೇಳಿದರೆ, ಮೊದಲು ಬಿಚ್ಚಿಡಿ ಅನ್ನುತ್ತೇನೆ. ಕೊಕ್ಕೆ ಎದ್ದಿರುವ ಲಕ್ಷಣ ಅದು.

ಹಾಗಂತ ಕ್ಯಾರೆಟ್ ಇಳಿಸಿದರೆ ಎಲ್ಲ ಸರಿಹೋಯಿತು ಅಂತಲ್ಲ. 18 ಕ್ಯಾರೆಟ್ಟಿನಲ್ಲಿ ಚಿನ್ನ ಮುಕ್ಕಾಲು ಭಾಗ, 14ರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಗಟ್ಟಿ ಏನೋ ಹೌದು. ಆದರೆ ಬೆರೆಸಿದ ಲೋಹಕ್ಕೆ ಅದರದೇ ತಕರಾರು. ಬ್ಲೀಚಿಂಗ್ ನೀರು, ಈಜುಕೊಳದ ಕ್ಲೋರಿನ್ ಅದನ್ನು ತಿನ್ನುತ್ತದೆ. ನಿಕಲ್ ಬೆರೆಸಿದ ಬಿಳಿ ಚಿನ್ನವಾದರೆ ಕೊಕ್ಕೆಯೇ ಬಿರುಕು ಬಿಡಬಹುದು. ಕೆಲವರಿಗೆ ನಿಕಲ್ ತಾಗಿದರೆ ಬೆರಳು ಕೆಂಪಾಗಿ ತುರಿಸುತ್ತದೆ. ಮೈಗೆ ತಾಗುವ ಒಡವೆಯಿಂದ ಹೊರಬರುವ ನಿಕಲ್‌ಗೆ ಯುರೋಪಿನವರು 1994ರಲ್ಲೇ ಮಿತಿ ಹಾಕಿದ್ದು ಇದಕ್ಕೇ. ಬಿಳಿ ಚಿನ್ನದ ಆ ಹೊಳಪೂ ಸಾಮಾನ್ಯವಾಗಿ ಮೇಲಿನ ರೋಡಿಯಂ ಎಂಬ ಬಿಳಿ ಲೋಹದ ಲೇಪದ್ದು. ಅದು ಸವೆದರೆ ಒಳಗಿನ ಹಳದಿ ಛಾಯೆ ಇಣುಕುತ್ತದೆ, ಮತ್ತೆ ಲೇಪ ಹಾಕಿಸಬೇಕು. ಕೊಳ್ಳುವಾಗ ಇದನ್ನು ಹೇಳುವವರು ಕಡಿಮೆ.

ಚಿನ್ನದ ಒಂದು ಒಳ್ಳೆಯ ಗುಣವನ್ನೂ ಹೇಳಬೇಕು. ಬೆರಳು ದಪ್ಪವಾದರೆ ಕತ್ತರಿಸಿ, ತುಂಡು ಸೇರಿಸಿ, ಬೆಸುಗೆ ಹಾಕಿ ಅಳತೆ ದೊಡ್ಡದು ಮಾಡಬಹುದು. ಈಗ ಬಂದಿರುವ ಟಂಗ್‌ಸ್ಟನ್ ಕಾರ್ಬೈಡ್ ಉಂಗುರಕ್ಕೆ ಗೀರು ಬೀಳುವುದು ಅಪರೂಪ, ಆದರೆ ಅಳತೆ ಬದಲಿಸಲು ಬರುವುದಿಲ್ಲ. ಜೋರಾಗಿ ಬಿದ್ದರೆ ಒಡೆದೇ ಹೋಗಬಹುದು. ನನ್ನ ಮೆಚ್ಚಿನದು ಪ್ಲಾಟಿನಂ. ಅದಕ್ಕೂ ಗೀರು ಬೀಳುತ್ತದೆ, ಆದರೆ ಲೋಹ ಪಕ್ಕಕ್ಕೆ ಸರಿಯುತ್ತದೆಯೇ ಹೊರತು ಚಿನ್ನದಷ್ಟು ಉದುರಿ ಹೋಗುವುದಿಲ್ಲ. ಕೆಲಸ ಮಾಡೋರಿಗೆ ಕಷ್ಟ, ಕರಗಲು 1768 ಡಿಗ್ರಿ ಸೆಲ್ಸಿಯಸ್ ಬೇಕು. ಅದು ನಮ್ಮ ಪಾಡು ಬಿಡಿ.

ಚಿನ್ನವೇ ಬೇಕು ಅನ್ನುವವರು 18 ಕ್ಯಾರೆಟ್ ತಗೊಳ್ಳಿ. ಅಂಗಡಿಯಲ್ಲಿ ತೂಕದ ಜೊತೆ ಅಂಗೈ ಕಡೆಯ ದಪ್ಪವನ್ನೂ ಅಳೆಸಿ ನೋಡಿ, 1.5 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬಿಟ್ಟುಬಿಡಿ. ಹರಳಿನ ಉಂಗುರವಾದರೆ ವರ್ಷಕ್ಕೊಮ್ಮೆಯಾದರೂ ಕೊಕ್ಕೆ ತೋರಿಸಿ. ನಿಮ್ಮ ಪತ್ರಿಕೆಯ ಚಿನ್ನದ ದರದ ಪಕ್ಕದಲ್ಲಿ ಯಾವಾಗಲಾದರೂ ಇಷ್ಟಕ್ಕೆ ಜಾಗ ಸಿಕ್ಕರೆ ಉಪಕಾರವಾಗುತ್ತದೆ.

ಇಂತಿ,
ಒಬ್ಬ ರಿಪೇರಿ ಅಕ್ಕಸಾಲಿಗ