ಇನ್ನು ಮುಂದೆ ದೋಣಿ ಓಡಿಸಿ ನೋಡಿಯೇ ಫ್ಯಾನ್ ಕೊಡುತ್ತೇವೆ

ಆತ್ಮೀಯ ಗ್ರಾಹಕರೇ,

ನಮಸ್ಕಾರ. ಮಳೆಗಾಲ ಮುಗಿಯುತ್ತಿದೆ, ದೋಣಿಗಳು ನೀರಿಗಿಳಿಯುವ ಹೊತ್ತು ಬಂತು. ಈ ಸೀಸನ್‌ನಿಂದ ಮಲ್ಪೆಯ ನಮ್ಮ ಅಂಗಡಿಯಲ್ಲಿ ಔಟ್‌ಬೋರ್ಡ್ ಇಂಜಿನ್‌ನ (ದೋಣಿಯ ಹಿಂಬದಿಗೆ ಹೊರಗಿನಿಂದ ಸಿಕ್ಕಿಸುವ ಇಂಜಿನ್) ಪ್ರೊಪೆಲ್ಲರ್, ಅಂದರೆ ನಾವೆಲ್ಲ ಫ್ಯಾನ್ ಅನ್ನುವುದನ್ನು, ಮಾರುವ ಕ್ರಮ ಬದಲಾಗುತ್ತಿದೆ. ಹಳೆಯ ಫ್ಯಾನಿನ ನಂಬರ್ ಫೋನಿನಲ್ಲಿ ಹೇಳಿ, ಅದೇ ನಂಬರಿನ ಹೊಸದನ್ನು ಬಸ್ಸಿಗೆ ಹಾಕಿಸಿಕೊಳ್ಳುವ ಪದ್ಧತಿ ಇನ್ನು ಇರುವುದಿಲ್ಲ. ನಿಮ್ಮ ದೋಣಿ ತುಂಬಿದ ಲೋಡಿನಲ್ಲಿ, ಫುಲ್ ಥ್ರಾಟಲ್‌ನಲ್ಲಿ ಎಷ್ಟು ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಸುತ್ತುತ್ತದೆ ಅನ್ನುವ ಲೆಕ್ಕ) ತೋರಿಸುತ್ತದೆ ಎಂದು ನೋಡಿದ ಮೇಲೆಯೇ ಫ್ಯಾನ್ ಕೊಡುತ್ತೇವೆ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಫ್ಯಾನಿನ ಮೇಲೆ ಎರಡು ಅಂಕಿ ಇರುತ್ತವೆ, ಉದಾಹರಣೆಗೆ 11×13. ಮೊದಲನೆಯದು ಫ್ಯಾನಿನ ವ್ಯಾಸ, ಎರಡನೆಯದು ಪಿಚ್; ಎರಡೂ ಇಂಚಿನಲ್ಲಿ. ನೀರು ಒಂಚೂರೂ ಜಾರದಿದ್ದರೆ ಒಂದು ಸುತ್ತಿಗೆ ದೋಣಿ 13 ಇಂಚು ಮುಂದೆ ಹೋಗಬೇಕು ಅನ್ನುವುದು ಪಿಚ್‌ನ ಲೆಕ್ಕ. ನೀರು ಜಾರೇ ಜಾರುತ್ತದೆ. ಇಂಜಿನ್ 5500 ಆರ್‌ಪಿಎಂನಲ್ಲಿದ್ದು ಗೇರ್ 2:1 ಆಗಿದ್ದರೆ (ಇಂಜಿನ್ ಎರಡು ಸುತ್ತಿದಾಗ ಫ್ಯಾನ್ ಒಂದು ಸುತ್ತು), ಪಿಚ್ 13ರ ಫ್ಯಾನ್ ಗಂಟೆಗೆ ಸುಮಾರು 54 ಕಿ.ಮೀ. ಓಡಿಸಬೇಕು. 15 ಪರ್ಸೆಂಟ್ ಜಾರಿಕೆ ಕಳೆದರೆ ಕೈಗೆ ಸಿಗುವುದು 46. ಹಾಗಾದರೆ ಪಿಚ್ ಜಾಸ್ತಿ ಮಾಡಿದರೆ ಸ್ಪೀಡೂ ಜಾಸ್ತಿ ಆಗಬೇಕಲ್ವಾ ಎಂದು ತುಂಬ ಜನ ಕೇಳುತ್ತಾರೆ. ಇಂಜಿನ್‌ಗೆ ಅಷ್ಟು ಎಳೆಯುವ ತಾಕತ್ತು ಇದ್ದರೆ ಮಾತ್ರ ಆಗುತ್ತದೆ. ಇಲ್ಲದಿದ್ದರೆ ನಾಲ್ಕನೇ ಗೇರಿನಲ್ಲಿ ಆಗುಂಬೆ ಘಾಟಿ ಹತ್ತುವ ಬಸ್ಸಿನ ಪಾಡು. ಆರ್‌ಪಿಎಂ ಏರುವುದಿಲ್ಲ, ಇಂಜಿನ್ ಮುಲುಕುತ್ತದೆ, ಒಳಗೆ ಕಾರ್ಬನ್ ಕಟ್ಟುತ್ತದೆ, ಪೆಟ್ರೋಲ್ ಸುಮ್ನೆ ಸುಡುತ್ತದೆ. ಪಿಚ್ ತೀರಾ ಕಡಿಮೆಯಾದರೆ ಇದರ ಉಲ್ಟಾ: ಇಂಜಿನ್ ಮಿತಿ ಮೀರಿ ಸುತ್ತುತ್ತದೆ.

ಈಗ ನಮ್ಮ ಕಡೆಯ ದೋಣಿಗಳ ವಿಷಯಕ್ಕೆ ಬರೋಣ. ನಾಲ್ಕು ಜನ ಕೂತು ಗಾಳ ಹಾಕಲು ಹೋಗುತ್ತಿದ್ದ ದೋಣಿಯಲ್ಲೇ ಈಗ ಹೋಮ್‌ಸ್ಟೇಗೆ ಬಂದ ಎಂಟು ಅತಿಥಿಗಳನ್ನು ಸುತ್ತಾಡಿಸುತ್ತಾರೆ. ಜನರ ತೂಕವೇ 500 ಕೆ.ಜಿ. ದಾಟಿತು. ಇಂಜಿನ್ ಅದೇ, ಫ್ಯಾನ್ ಅದೇ. 40 ಎಚ್‌ಪಿಯ ಫೋರ್ ಸ್ಟ್ರೋಕ್ ಇಂಜಿನ್ ಒಂದನ್ನು ತೆಗೆದುಕೊಳ್ಳಿ. ಫುಲ್ ಥ್ರಾಟಲ್‌ನಲ್ಲಿ 5000ದಿಂದ 6000 ಆರ್‌ಪಿಎಂ ಒಳಗೆ ಓಡಬೇಕು ಎಂದು ಅದರ ಪುಸ್ತಕದಲ್ಲಿದೆ ಅಂದುಕೊಳ್ಳಿ. ಇಬ್ಬರೇ ಇದ್ದಾಗ 5500 ಬರುತ್ತದೆ. ಎಂಟು ಜನ ಹತ್ತಿದರೆ 4800ಕ್ಕೇ ನಿಂತುಬಿಡುತ್ತದೆ. ಪಿಚ್ ಒಂದು ಇಂಚು ಇಳಿಸಿದರೆ ಆರ್‌ಪಿಎಂ ಸುಮಾರು 150ರಿಂದ 200 ಏರುತ್ತದೆ. ಹಾಗಾಗಿ ಇಲ್ಲಿ 13ರ ಜಾಗಕ್ಕೆ 11 ಹಾಕಿದರೆ 5100-5200ಕ್ಕೆ ಬರುತ್ತದೆ, ಇಂಜಿನ್ ಹಗುರವಾಗಿ ಉಸಿರಾಡುತ್ತದೆ. ಖಾಲಿ ದೋಣಿಯ ಟಾಪ್ ಸ್ಪೀಡ್ ಸ್ವಲ್ಪ ಇಳಿಯುತ್ತದೆ, ನಿಜ. ಆದರೆ ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವವರಿಗೆ ಆ ಸ್ಪೀಡಿನಿಂದ ಏನೂ ಆಗಬೇಕಾಗಿಲ್ಲ.

ಘಟ್ಟದ ಮೇಲಿನ ಗ್ರಾಹಕರಿಗೆ ಇನ್ನೊಂದು ಮಾತು. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗುತ್ತದೆ. ಪ್ರತಿ 1000 ಅಡಿಗೆ ಇಂಜಿನ್ ಸುಮಾರು 3 ಪರ್ಸೆಂಟ್ ಶಕ್ತಿ ಕಳೆದುಕೊಳ್ಳುತ್ತದೆ. ಲಿಂಗನಮಕ್ಕಿ ಪೂರ್ತಿ ತುಂಬಿದಾಗ ನೀರಿನ ಮಟ್ಟ ಸಮುದ್ರದಿಂದ 1819 ಅಡಿ ಮೇಲೆ. ಮೈಸೂರು ಕಡೆಯ ಕೆರೆಗಳು ಇನ್ನೂ ಎತ್ತರದಲ್ಲಿವೆ. ಮಲ್ಪೆಯಲ್ಲಿ ಸರಿಹೊಂದಿದ ಫ್ಯಾನ್ ಅಲ್ಲಿಗೆ ಸರಿಹೋಗುತ್ತದೆ ಎಂದು ನಾವು ಹೇಳಲಾರೆವು. ಶರಾವತಿ ಹಿನ್ನೀರಿನಲ್ಲಿ ಮುಳುಗಿದ ಮರದ ಬೊಡ್ಡೆಗಳೂ ಇವೆ. ಅಂಥ ಕಡೆ, ಹಾಗೆಯೇ ಕಲ್ಲಿರುವ ಹೊಳೆಗಳಲ್ಲಿ, ಅಲ್ಯೂಮಿನಿಯಂ ಫ್ಯಾನೇ ಒಳ್ಳೆಯದು ಅನ್ನುವುದು ನಮ್ಮ ಖಚಿತ ಅಭಿಪ್ರಾಯ. ಏಟು ಬಿದ್ದರೆ ಮೊದಲು ರೆಕ್ಕೆ ಬಗ್ಗುತ್ತದೆ. ರೆಕ್ಕೆಯ ಖರ್ಚು ಗೇರ್‌ಬಾಕ್ಸಿನ ಖರ್ಚಿನ ಮುಂದೆ ಏನೂ ಅಲ್ಲ. ಸ್ಟೀಲ್ ಫ್ಯಾನ್ ತೆಳು, ಗಟ್ಟಿ, ವೇಗಕ್ಕೆ ಚೆನ್ನ. ಆಳವಾದ ನೀರಿನಲ್ಲಿ ಓಡಿಸುವವರು ಅದನ್ನು ತೆಗೆದುಕೊಳ್ಳಲಿ.

ಹೊಸ ಕ್ರಮ ಹೀಗಿರುತ್ತದೆ. ನೀವು ದಿನ ಗೊತ್ತು ಮಾಡಿ, ಉಬ್ಬರದ ಹೊತ್ತಿಗೆ ಕೋಡಿ ಬೆಂಗ್ರೆ ಕಡೆಯ ಹೊಳೆಗೆ ದೋಣಿ ತನ್ನಿ. ನಿತ್ಯ ಎಷ್ಟು ಜನ ಕೂರುತ್ತಾರೋ ಅಷ್ಟೇ ತೂಕ ಇರಬೇಕು; ಜನ ಸಿಗದಿದ್ದರೆ ನೀರು ತುಂಬಿದ ಕ್ಯಾನ್ ಇಡೋಣ. ಇಂಜಿನ್‌ನಲ್ಲಿ ಮೀಟರ್ ಇಲ್ಲದಿದ್ದರೆ ಚಿಂತೆ ಬೇಡ, ಸ್ಪಾರ್ಕ್ ಪ್ಲಗ್ಗಿನ ವಯರಿಗೆ ಸಿಕ್ಕಿಸುವ ಮೀಟರ್ ನಮ್ಮಲ್ಲಿದೆ. ಟ್ರಯಲ್‌ಗೆಂದೇ ಬೇರೆ ಬೇರೆ ಪಿಚ್‌ನ ಫ್ಯಾನ್ ಇಟ್ಟಿದ್ದೇವೆ. ಹೊಂದುವುದು ಸಿಕ್ಕಿದ ಮೇಲೆ ಹೊಸದನ್ನು ಕೊಡುತ್ತೇವೆ. ಟ್ರಯಲ್‌ಗೆ ದುಡ್ಡಿಲ್ಲ. ದೂರದವರು ತಾವೇ ಓಡಿಸಿ, ಮೀಟರಿನ ವಿಡಿಯೋ ಕಳಿಸಿದರೂ ಸಾಕು. ಜಿಪಿಎಸ್‌ನಲ್ಲಿ ವೇಗವನ್ನೂ ನೋಡುವುದಾದರೆ ಹೊಳೆಯ ಹರಿವಿಗೆ ಎದುರಾಗಿ ಒಮ್ಮೆ, ಹರಿವಿನ ಜೊತೆಗೆ ಒಮ್ಮೆ ಓಡಿಸಿ, ಸರಾಸರಿ ತೆಗೆಯಿರಿ.

ಟ್ರಯಲ್‌ಗೆ ಮುಂಚೆ ಒಂದು ಕೆಲಸ ಮಾಡಿಕೊಳ್ಳಿ. ಇಂಜಿನ್ ನ್ಯೂಟ್ರಲ್‌ಗೆ ಹಾಕಿ, ಕಿಲ್ ಸ್ವಿಚ್ಚಿನ (ಇಂಜಿನ್ ತಕ್ಷಣ ನಿಲ್ಲಿಸುವ ಸ್ವಿಚ್) ಹಗ್ಗ ಕಿತ್ತಿಟ್ಟು, ಫ್ಯಾನ್ ಬಿಚ್ಚಿ ನೋಡಿ. ಹಿಂದಿನ ಶಾಫ್ಟಿಗೆ ಬಲೆಯ ನೈಲಾನ್ ನೂಲು ಸುತ್ತಿಕೊಂಡಿರಬಹುದು. ಬಿಗಿಯಾಗಿ ಬಳೆಯಂತೆ ಕೂತಿರುತ್ತದೆ, ಹೊರಗಿನಿಂದ ಕಾಣುವುದೇ ಇಲ್ಲ. ಅದು ಆಯಿಲ್ ಸೀಲನ್ನು ಕೊಯ್ದರೆ ಗೇರ್ ಆಯಿಲಿಗೆ ನೀರು ಸೇರಿ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಹಾಗೆ ಕಂಡರೆ ದೋಣಿ ಇಳಿಸಬೇಡಿ, ಮೊದಲು ನಮಗೆ ಫೋನ್ ಮಾಡಿ. ಮತ್ತೆ ಜೋಡಿಸುವಾಗ ಶಾಫ್ಟಿಗೆ ಮರೀನ್ ಗ್ರೀಸ್ ಹಚ್ಚಿ, ಪಿನ್ ಹೊಸದು ಹಾಕಿ.

ಬರುವಾಗ ಇಂಜಿನ್‌ನ ಪುಸ್ತಕ, ಹಳೆಯ ಫ್ಯಾನ್, ಎಲ್ಲರಿಗೂ ಲೈಫ್ ಜಾಕೆಟ್ ತನ್ನಿ.

ಇಂತಿ ನಿಮ್ಮ,
ಔಟ್‌ಬೋರ್ಡ್ ಸರ್ವಿಸ್ ಬಳಗ, ಮಲ್ಪೆ